ಹೆಸರು, ಬಿಂಬ, ಮಾನ್ಯ: ಮೈಸೂರಿನ ಗರಡಿಮನೆ ಮತ್ತು ಕ್ರೀಡಾಗೌರವದ ಚರಿತ್ರೆ

ಪೀಠಿಕೆ

ಊರಿನ ಕ್ರೀಡಾಪಟುಗಳನ್ನೂ ಅವರನ್ನು ತಿದ್ದಿದ ಗುರುಗಳನ್ನೂ ಒಂದು ಕಟ್ಟಡದಲ್ಲಿ ಹೆಸರಿಸಿ ಗೌರವಿಸುವ ಪದ್ಧತಿಯನ್ನು ಆಧುನಿಕ ಕಾಲದ ಪಾಶ್ಚಾತ್ಯ ಕಲ್ಪನೆಯೆಂದು ಭಾವಿಸುವುದು ವಾಡಿಕೆ. ಜರ್ಮನಿಯ ರೇಗೆನ್ಸ್‌ಬುರ್ಗ್ ಸಮೀಪ 1842ರಲ್ಲಿ ತೆರೆದ ವಾಲ್ಹಾಲ ಎಂಬ ಸ್ಮಾರಕಭವನವನ್ನು ಇಂತಹ ಕೀರ್ತಿಮಂದಿರಗಳ ಪೂರ್ವರೂಪವೆಂದು ಹೇಳುವುದುಂಟು. ಅಮೆರಿಕದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಬೇಸ್‌ಬಾಲ್ ಆಟದ ಕೀರ್ತಿಮಂದಿರಕ್ಕೆ 1936ರಲ್ಲಿ ಮೊದಲ ಐವರು ಆಟಗಾರರನ್ನು ಆರಿಸಲಾಯಿತು. 1939ರಲ್ಲಿ ಕಟ್ಟಡ ತೆರೆಯಿತು. ಅಲ್ಲಿನ ಅನೇಕ ನಗರಗಳು ಈ ಮಾದರಿಯನ್ನು ಅನುಸರಿಸಿ ತಮ್ಮ ತಮ್ಮ ಊರಿನ ಆಟಗಾರರಿಗೂ ತರಬೇತುದಾರರಿಗೂ ಕೀರ್ತಿಮಂದಿರಗಳನ್ನು ನಿರ್ಮಿಸಿಕೊಂಡಿವೆ.

ನಮ್ಮ ನಗರಗಳಲ್ಲಿ ಇಂತಹ ಸಂಸ್ಥೆಗಳನ್ನು ಕಟ್ಟಬೇಕೆಂಬ ಮಾತು ಬಂದಾಗಲೆಲ್ಲ ಹೊರಗಿನ ಮಾದರಿಗಳೇ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಕನ್ನಡನಾಡಿನಲ್ಲಿ ದೇಹಬಲದ ಸಾಧಕನನ್ನು ಗೌರವಿಸುವುದಕ್ಕೆ, ಆತನ ಗುರುವನ್ನು ನೆನೆಯುವುದಕ್ಕೆ ತನ್ನದೇ ಆದ ವಿಧಾನವಿರಲಿಲ್ಲವೆ? ಇದ್ದಿದ್ದರೆ ಅದು ಹೇಗೆ ನಡೆಯುತ್ತಿತ್ತು, ಎಲ್ಲಿ ಕಡಿದುಹೋಯಿತು? ಮೈಸೂರು ನಗರದ ಕುಸ್ತಿ ಪರಂಪರೆಯನ್ನು ಮುಖ್ಯ ಆಕರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಪರಂಪರೆಯ ಗೌರವಕ್ಕೆ ಹೆಸರು, ಬಿಂಬ, ಮಾನ್ಯ ಎಂಬ ಮೂರು ಅಂಗಗಳಿದ್ದವೆಂಬುದನ್ನೂ, ಇಂದಿನ ಸಾರ್ವಜನಿಕ ಸನ್ಮಾನಗಳಲ್ಲಿ ಮೂರನೆಯ ಅಂಗ ಬಹುಮಟ್ಟಿಗೆ ಲೋಪವಾಗಿದೆಯೆಂಬುದನ್ನೂ ಇಲ್ಲಿ ತೋರಿಸಲು ಯತ್ನಿಸಲಾಗಿದೆ.

ಶಾಸನಗಳ ಸಾಕ್ಷ್ಯ

ಗೌರವದ ಈ ಮೂರು ಅಂಗಗಳನ್ನು ಮೊದಲು ಗುರುತಿಸಬೇಕಾದದ್ದು ವೀರಗಲ್ಲುಗಳಲ್ಲಿ. ತುರುಗೊಳ್ ಕಾಳಗದಲ್ಲಿ ಮಡಿದವನಿಗೂ ಹುಲಿಯೊಡನೆ ಸೆಣಸಿ ಸತ್ತವನಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಈ ದೃಷ್ಟಿಯಿಂದ ಅಪೂರ್ವವಾದದ್ದು. ಶಕವರ್ಷ 872ರ, ಎಂದರೆ ಕ್ರಿ.ಶ. 949–50ರ ಈ ಶಾಸನ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನನ್ನು ಕುರಿತದ್ದು. ಮೆಚ್ಚಿದ ಒಡೆಯ ಬೇಡಿದ್ದನ್ನು ಕೊಡುವೆನೆಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರದ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು. ಆ ಸ್ಥಳದ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣಕೂಡದೆಂಬ ಕಟ್ಟಳೆಯನ್ನೂ ಶಾಸನ ವಿಧಿಸುತ್ತದೆ.

ನಾಯಿಗೆ ಸಂದ ಗೌರವವೆಂಬ ಕುತೂಹಲಕ್ಕಾಗಿಯೇ ಈ ಶಾಸನವನ್ನು ಹೆಚ್ಚಾಗಿ ಉಲ್ಲೇಖಿಸುತ್ತಾರೆ. ನಮಗೆ ಇಲ್ಲಿ ಮುಖ್ಯವಾಗುವುದು ಅದರ ವ್ಯವಸ್ಥೆ. ಕಾಳಿ ಎಂಬ ಹೆಸರು ಬರಹದಲ್ಲಿ ಉಳಿಯಿತು. ಹಂದಿಯೊಡನೆ ಸೆಣಸುವ ಬಿಂಬ ಕಲ್ಲಿನಲ್ಲಿ ಮೂಡಿತು. ನೆನಪನ್ನು ದಿನವೂ ನಡೆಸಿಕೊಂಡು ಹೋಗಲು ಒಬ್ಬ ಮನುಷ್ಯನೂ ಅವನ ಅನ್ನಕ್ಕೆ ಒಂದಿಷ್ಟು ನೆಲವೂ ಗೊತ್ತಾದವು. ವೀರನಿಗೋ ಅವನ ಮನೆಯವರಿಗೋ ಬಿಟ್ಟ ಭೂಮಿಯನ್ನು ಬಾಳ್ಗಚ್ಚು, ಕಲ್ನಾಡು, ನೆತ್ತರುಗೊಡಗೆ ಎಂದು ಶಾಸನಗಳು ಬಗೆಬಗೆಯಾಗಿ ಕರೆದಿವೆ. ಕನ್ನಡದಲ್ಲಿ ‘ಮಾನ್ಯ’ ಎಂಬ ಪದಕ್ಕೆ ಗೌರವಾರ್ಹನೆಂಬ ಅರ್ಥವೂ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಭೂಮಿಯೆಂಬ ಅರ್ಥವೂ ಉಂಟು. ಮಾನವನ್ನು ಮಾತಿನಲ್ಲಿ ಮಾತ್ರ ಸಲ್ಲಿಸಿದರೆ ಸಾಲದು, ಅದಕ್ಕೆ ನೆಲದ ಆಧಾರವೂ ಬೇಕೆಂಬ ತಿಳಿವಳಿಕೆ ಈ ಒಂದು ಪದದಲ್ಲೇ ಅಡಗಿದೆ.

ಕುಸ್ತಿಗೇ ಸಂಬಂಧಿಸಿದಂತೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ನಮಗೆ ದೊರೆಯುವ ಮಹತ್ತ್ವದ ಆಕರ. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಲಾಗಿದೆ. ಅವರ ಆಹಾರ, ವ್ಯಾಯಾಮ, ಸೆಣಸಾಟದ ಕ್ರಮ, ಗೆದ್ದವರಿಗೆ ಸಲ್ಲುವ ಉಡುಗೊರೆ ಇವೆಲ್ಲವೂ ಅಲ್ಲಿ ವಿವರಣೆ ಪಡೆದಿವೆ. ಗೆದ್ದ ದಿನದ ಉಡುಗೊರೆಗಿಂತ ಮೊದಲೇ ಸಾಧನೆಯ ದಿನಗಳ ಊಟೋಪಚಾರಕ್ಕೂ ಅರಸನೇ ಹೊಣೆಯಾಗಿದ್ದನೆಂಬುದು ಇದರಿಂದ ತಿಳಿದುಬರುತ್ತದೆ.

ಅರಮನೆ ಮತ್ತು ಜಟ್ಟಿಗಳು

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ಸಂದರ್ಭದ ಮಲ್ಲಯುದ್ಧವನ್ನು ಕಂಡು ವರ್ಣಿಸಿದ್ದಾನೆ. ಹಲ್ಲು ಮುರಿಯುವಂತೆ, ಮುಖ ಕೆಡುವಂತೆ ಹೊಡೆದಾಡುತ್ತಿದ್ದ ಮಲ್ಲರ ಚಿತ್ರ ಅವನ ಬರವಣಿಗೆಯಲ್ಲಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದಾಗ ವಿಜಯನಗರದ ಈ ಪರಂಪರೆ ಮೈಸೂರು ಸಂಸ್ಥಾನಕ್ಕೆ ಸಾಗಿಬಂದಿತು.

ಮೈಸೂರು ಅರಸರಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ (ಆಳ್ವಿಕೆ 1638–1659) ಹೆಸರಿನೊಡನೆ ಮಲ್ಲವಿದ್ಯೆಯ ಐತಿಹ್ಯವೊಂದು ಬೆಸೆದುಕೊಂಡಿದೆ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಕೋಟೆಯ ಬಾಗಿಲಿಗೆ ತೂಗುಹಾಕಿಸಿ, ಅದರಡಿ ನುಸುಳಿ ಹೋದವರೆಲ್ಲ ತನಗೆ ಸೋತವರೆಂದು ಸಾರಿದ್ದನಂತೆ. ಕಂಠೀರವರು ವೇಷ ಮರೆಸಿಕೊಂಡು ಹೋಗಿ ಅವನನ್ನು ಸೋಲಿಸಿದರಂತೆ. ಈ ಕಥೆಯಲ್ಲಿ ಇತಿಹಾಸದ ಅಂಶವೆಷ್ಟೆಂಬ ಚರ್ಚೆ ಬೇರೆ. ಜಾನಪದ ದೃಷ್ಟಿಯಿಂದ ಗಮನಾರ್ಹವಾದದ್ದು ಬಿರುದಿನ ಕುರುಹು. ಕೀರ್ತಿಯನ್ನು ಎಲ್ಲರೂ ಹಾದುಹೋಗುವ ಬಾಗಿಲಲ್ಲಿ, ಕಣ್ಣಿಗೆ ಕಾಣುವ ವಸ್ತುವಾಗಿ ತೂಗುಹಾಕುವುದು ಕೀರ್ತಿಮಂದಿರದ ಮೂಲ ಆಶಯವೇ ಆಗಿದೆ. ಅಂತಹ ಕೀರ್ತಿಗೆ ಸವಾಲು ಹಾಕಲು ಅವಕಾಶವಿರುತ್ತಿತ್ತು ಎಂಬುದಷ್ಟೇ ವ್ಯತ್ಯಾಸ.

ಮಲ್ಲವಿದ್ಯೆಯನ್ನೇ ಕುಲವೃತ್ತಿಯಾಗಿ ಉಳ್ಳ ಜಟ್ಟಿ ಸಮುದಾಯದವರು ಗುಜರಾತಿನ ಮೊಢೇರಾ ಪ್ರದೇಶದ ಜ್ಯೇಷ್ಠಿಮಲ್ಲರೊಡನೆ ತಮ್ಮ ಮೂಲವನ್ನು ಹೇಳಿಕೊಳ್ಳುತ್ತಾರೆ. ಅವರ ಕುಲದೇವತೆ ನಿಂಬಜಾದೇವಿ. ಆ ಸಮುದಾಯದ ಸಂಪ್ರದಾಯವನ್ನು ನಿರೂಪಿಸುವ ‘ಮಲ್ಲಪುರಾಣ’ ಎಂಬ ಸಂಸ್ಕೃತ ಗ್ರಂಥವೂ ಉಂಟು. ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಇವರದೇ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳಿಂದ ಸ್ಪರ್ಧಿಗಳನ್ನು ಆರಿಸುತ್ತಾರೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರನಖವನ್ನು ತೊಟ್ಟು ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಕೆಲವೇ ಕ್ಷಣಗಳಲ್ಲಿ ಮುಗಿಯುವ ಈ ಆಚರಣೆಗೆ ತಿಂಗಳುಗಳ ಸಿದ್ಧತೆ ಬೇಕು. ಆ ಸಿದ್ಧತೆ ಹಿರಿಯ ಉಸ್ತಾದರ ಕೈಯಲ್ಲಿರುತ್ತದೆ. ನೋಡುಗರಿಗೆ ಕಾಣುವುದು ರಕ್ತದ ತಿಲಕವಾದರೆ, ಸಮುದಾಯದವರು ನೆನಪಿಡುವುದು ಯಾವ ಊರಿನ ಯಾವ ಮನೆಯವನನ್ನು ಯಾರು ತಯಾರು ಮಾಡಿದರೆಂಬುದನ್ನು.

ಗರಡಿಮನೆಯೆಂಬ ಕೀರ್ತಿಮಂದಿರ

ಅರಮನೆಯ ಆಚರಣೆ ಒಂದು ಸಮುದಾಯಕ್ಕೆ ಸೀಮಿತವಾದರೆ, ನಗರದ ಬೀದಿಗಳ ಗರಡಿಮನೆಗಳು ಹಲವು ಜಾತಿಮತಗಳ ತರುಣರಿಗೆ ತೆರೆದಿದ್ದವು. ಗರಡಿಯ ಪರಿಭಾಷೆಯೇ ಇದಕ್ಕೆ ಸಾಕ್ಷಿ. ಉಸ್ತಾದ್, ಪೈಲ್ವಾನ್, ಕುಸ್ತಿ ಎಂಬ ಪದಗಳು ಪಾರಸಿ ಮೂಲದವು; ಸಾಮು, ಪಟ್ಟು, ಗುಂಡು ನಮ್ಮ ಆಡುಮಾತಿನವು. ಆಂಜನೇಯನ ಪಟದ ಮುಂದೆ ಕೈಮುಗಿದು ಕಣಕ್ಕಿಳಿಯುವ ಪೈಲ್ವಾನನು ತನ್ನ ಗುರುವನ್ನು ಕರೆಯುವುದು ಉಸ್ತಾದರೆಂದೇ.

ಗರಡಿಯ ನಡುವಣ ಕೆಮ್ಮಣ್ಣಿನ ಕಣಕ್ಕೆ ಮೈಸೂರು ಸೀಮೆಯಲ್ಲಿ ಮಟ್ಟಿ ಎಂದು ಹೆಸರು. ಜರಡಿ ಹಿಡಿದ ಮಣ್ಣಿಗೆ ಎಣ್ಣೆ, ಅರಿಸಿನ, ನಿಂಬೆರಸ ಮುಂತಾದವನ್ನು ಸೇರಿಸಿ ಹದ ಮಾಡುತ್ತಾರೆ. ಹದ ತಪ್ಪಿದ ಮಣ್ಣು ಮೈಯನ್ನು ತರಚುತ್ತದೆ, ಗಾಯಕ್ಕೆ ನಂಜು ತರುತ್ತದೆ. ಆದ್ದರಿಂದ ಮಟ್ಟಿಯನ್ನು ಅಗೆದು ಮಗುಚಿ ಮೆದುವಾಗಿರಿಸುವುದೂ ಶಿಷ್ಯನ ದಿನಚರಿಯ ಭಾಗ. ಮಟ್ಟಿಪೂಜೆಯ ದಿನ ಈ ಮಣ್ಣೇ ದೇವರು.

ಗರಡಿಗಳ ಹೆಸರುಗಳನ್ನು ಗಮನಿಸಿದರೆ ಗೌರವದ ಮೊದಲ ಅಂಗ ಸ್ಪಷ್ಟವಾಗುತ್ತದೆ. ಭೂತಪ್ಪನವರ ಗರಡಿಯೆಂಬಂತಹ ಹೆಸರು ವ್ಯಕ್ತಿಯೊಬ್ಬರನ್ನು ನೆನಪಿನಲ್ಲಿ ಉಳಿಸಿದರೆ, ಹತ್ತು ಜನರ ಗರಡಿಯೆಂಬ ಹೆಸರು ಯಾವ ಒಬ್ಬನನ್ನೂ ಮುಂದೆ ಮಾಡದೆ ಒಂದು ಕೂಟವನ್ನೇ ನೆನಪಿಸುತ್ತದೆ. ಎರಡನೆಯ ಅಂಗವಾದ ಬಿಂಬವನ್ನು ಗರಡಿಯ ಗೋಡೆಗಳು ಹೊತ್ತಿವೆ. ಲಂಗೋಟಿಯುಟ್ಟು, ಗದೆ ಹಿಡಿದು, ಪೇಟ ಸುತ್ತಿ ನಿಂತ ಪೈಲ್ವಾನರ ಛಾಯಾಚಿತ್ರಗಳನ್ನು ದೇವರ ಪಟಗಳ ಸಾಲಿನಲ್ಲೇ ತೂಗುಹಾಕುವ ರೂಢಿ ಅಲ್ಲಿದೆ. ಹಬ್ಬದ ದಿನ ದೇವರಿಗೆ ಏರಿದ ಹೂವು ಅವರಿಗೂ ಏರುತ್ತದೆ. ಕುಸ್ತಿ ಪಂದ್ಯಗಳ ಭಿತ್ತಿಪತ್ರಗಳನ್ನೂ ಇದೇ ಸಾಲಿಗೆ ಸೇರಿಸಬೇಕು. ಅವುಗಳಲ್ಲಿ ಪೈಲ್ವಾನನ ಚಿತ್ರದ ಕೆಳಗೆ ಅವನ ಊರು ಅಥವಾ ಕೇರಿ, ಗರಡಿ, ಉಸ್ತಾದರ ಹೆಸರು ಜೊತೆಜೊತೆಯಾಗಿ ಅಚ್ಚಾಗುತ್ತವೆ. ಗ್ರಂಥಾಲಯಗಳು ಸಂಗ್ರಹಿಸದ, ಮಳೆಗೆ ಕರಗಿಹೋಗುವ ಈ ಕಾಗದಗಳು ನಗರದ ಕ್ರೀಡಾಚರಿತ್ರೆಯ ಮೊದಲ ದರ್ಜೆಯ ದಾಖಲೆಗಳು.

ಸಾಧನೆಯ ಸ್ಥಳವೇ ಸ್ಮರಣೆಯ ಸ್ಥಳವಾಗುವ ಈ ಪ್ರಕ್ರಿಯೆಯ ಪೂರ್ಣರೂಪ ತುಳುನಾಡಿನಲ್ಲಿ ಕಾಣಸಿಗುತ್ತದೆ. ಅಲ್ಲಿ ಗರಡಿ ಅಥವಾ ಗರೋಡಿ ಎಂದರೆ ಕೋಟಿ ಚೆನ್ನಯರ ಆರಾಧನಾ ಸ್ಥಾನ. ಬೇರೆಡೆ ಅಂಗಸಾಧನೆಯ ಮನೆಯನ್ನು ಸೂಚಿಸುವ ಪದ ಅಲ್ಲಿ ಅವಳಿ ವೀರರ ಗುಡಿಯನ್ನು ಸೂಚಿಸುತ್ತದೆ. ಪಾಡ್ದನ ಅವರ ಹೆಸರನ್ನೂ ಗರಡಿಯ ಮೂರ್ತಿಗಳು ಅವರ ಬಿಂಬವನ್ನೂ ಕಾಪಾಡಿವೆ. ವರ್ಷಕ್ಕೊಮ್ಮೆ ನಡೆಯುವ ನೇಮ ಆ ನೆನಪನ್ನು ಊರಿನ ಹೊಣೆಯಾಗಿಸಿದೆ. ಮೈಸೂರಿನ ಗರಡಿಮನೆ ಈ ದಾರಿಯ ನಡುವೆ ನಿಂತಿದೆ ಎನ್ನಬಹುದು: ಅದು ಇನ್ನೂ ಸಾಮಿನ ಮನೆ, ಆದರೆ ಗೋಡೆಯ ಮೇಲೆ ಆಗಲೇ ಹಿರಿಯರ ಗುಡಿ.

ಗುರುವಿನ ಸ್ಥಾನ

ಗರಡಿಯ ಗೌರವಪದ್ಧತಿಯಲ್ಲಿ ಗುರುಶಿಷ್ಯರನ್ನು ಬೇರ್ಪಡಿಸಲು ಬರುವುದಿಲ್ಲ. ದಸರಾ ಕುಸ್ತಿಗೆ ಮೊದಲು ನಡೆಯುವ ಜೋಡಿ ಕಟ್ಟುವ ಕಾರ್ಯವನ್ನು ಉದಾಹರಣೆಗೆ ನೋಡಬಹುದು. ಎತ್ತರ, ತೂಕ, ವಯಸ್ಸು, ಅನುಭವಗಳನ್ನು ಅಳೆದು ಯಾರಿಗೆ ಯಾರು ಸಾಟಿಯೆಂದು ಹಿರಿಯರು ತೀರ್ಮಾನಿಸುತ್ತಾರೆ. ಇಲ್ಲಿ ಎಡವಿದರೆ ಎಳೆಯ ಪೈಲ್ವಾನನ ಕೈಕಾಲು ಹೋಗಬಹುದು. ಶಿಷ್ಯನನ್ನು ಕಣಕ್ಕಿಳಿಸುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅವನನ್ನು ತಡೆದು ನಿಲ್ಲಿಸುವುದರಲ್ಲಿ ಉಸ್ತಾದನ ವಿವೇಕ ತಿಳಿಯುತ್ತದೆ. ಆದರೆ ಆಡದೆ ಉಳಿದ ಪಂದ್ಯಕ್ಕೆ ಯಾವ ಪ್ರಶಸ್ತಿಯೂ ಇಲ್ಲ. ಯಾವ ದಾಖಲೆಯಲ್ಲೂ ಅದು ಸೇರುವುದಿಲ್ಲ.

ನಮ್ಮ ಗಾದೆಗಳು ಜಟ್ಟಿಯನ್ನು ಕಂಡ ಬಗೆಯೂ ವಿಚಾರಯೋಗ್ಯವಾಗಿದೆ. ‘ಜಟ್ಟಿ ಜಾರಿಬಿದ್ದರೆ ಅದೂ ಒಂದು ಪಟ್ಟು’, ‘ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಮಾತುಗಳಲ್ಲಿ ವ್ಯಂಗ್ಯವಿದೆ. ಗೆದ್ದವನ ಜಂಬವನ್ನು ಇಳಿಸುವ ಕೆಲಸವನ್ನು ಜನ ಗಾದೆಗೆ ಒಪ್ಪಿಸಿದ್ದಾರೆ. ಗರಡಿಯ ಒಳಗೆ ಇದೇ ಕೆಲಸ ಉಸ್ತಾದನದು. ಹೊರಗಿನ ಜಯಕಾರಕ್ಕೂ ಒಳಗಿನ ವಿನಯಕ್ಕೂ ನಡುವೆ ತೂಕ ಕಾಯ್ದುಕೊಳ್ಳುವವನು ಅವನು.

ಸ್ವತಂತ್ರ ಭಾರತ ತನ್ನ ಕ್ರೀಡಾಗೌರವಗಳಿಗೆ ಮಹಾಭಾರತದ ಹೆಸರುಗಳನ್ನು ಆರಿಸಿಕೊಂಡಿತು. ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಲ್ಲಿ ಆರಂಭವಾಯಿತು. ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಶಿಷ್ಯನಿಗೆ ಸಂದ ಗೌರವ ಗುರುವನ್ನು ತಲುಪಲು 24 ವರ್ಷಗಳು ಬೇಕಾದವು. ಮೊದಲ ವರ್ಷ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಮೂವರಲ್ಲಿ ಒಬ್ಬರಾದ ಭಾಲಚಂದ್ರ ಭಾಸ್ಕರ ಭಾಗವತ್ ಅವರು ಕುಸ್ತಿಯ ಗುರು ಎಂಬುದು ಉಲ್ಲೇಖನೀಯ. ಕರ್ನಾಟಕದಲ್ಲಿ ಅಥ್ಲೆಟಿಕ್ಸ್ ತರಬೇತಿಗೆ ಬದುಕನ್ನೇ ಮುಡಿಪಾಗಿಟ್ಟ ಎನ್. ಲಿಂಗಪ್ಪ ಅವರಿಗೆ ಈ ಪ್ರಶಸ್ತಿ ಸಂದದ್ದು 2014ರಲ್ಲಿ; ಕೊಡಗು ಮೂಲದ ಬಾಕ್ಸಿಂಗ್ ತರಬೇತುದಾರ ಸಿ.ಎ. ಕುಟ್ಟಪ್ಪ ಅವರಿಗೆ 2018ರಲ್ಲಿ. ಕರ್ನಾಟಕ ಸರ್ಕಾರವು ತನ್ನ ಪ್ರಶಸ್ತಿಗೆ ಇಟ್ಟ ಹೆಸರು ಏಕಲವ್ಯ. ಗುರುವಿನಿಂದ ನೇರ ಕಲಿಕೆ ದೊರೆಯದೆ, ಮಣ್ಣಿನಲ್ಲಿ ಗುರುವಿನ ಬಿಂಬ ಮಾಡಿಕೊಂಡು ಕಲಿತವನು, ಕಲಿತ ಮೇಲೆ ಹೆಬ್ಬೆರಳನ್ನು ತೆತ್ತವನು ಏಕಲವ್ಯ. ಸವಲತ್ತುಗಳಿಲ್ಲದೆ ಬೆಳೆದ ನಾಡಿನ ಅನೇಕ ಆಟಗಾರರಿಗೆ ಈ ಹೆಸರು ಅರ್ಜುನನ ಹೆಸರಿಗಿಂತ ಹತ್ತಿರವಾದದ್ದು. ಸರ್ಕಾರದ ಪ್ರಶಸ್ತಿಯೊಂದರ ಹೆಸರಿನಲ್ಲೇ ಇಂತಹ ಆತ್ಮವಿಮರ್ಶೆ ಅಡಗಿರುವುದು ವಿಶೇಷ.

ಲೋಪವಾದ ಮಾನ್ಯ

ರಾಜಾಶ್ರಯ ಕಳಚಿದ ಬಗೆಯನ್ನು ಇಲ್ಲಿ ಸ್ಥೂಲವಾಗಿ ಗುರುತಿಸಬಹುದು. 1954ರ ಮೈಸೂರು ಇನಾಂ ರದ್ದಿಯಾತಿ ಕಾಯಿದೆ ಹಲವು ಬಗೆಯ ಇನಾಂ ಭೂಮಿಗಳ ಹಳೆಯ ವ್ಯವಸ್ಥೆಯನ್ನು ಕೊನೆಗಾಣಿಸಿತು. 1971ರಲ್ಲಿ ರಾಜಧನ ರದ್ದಾಯಿತು. ಉಳುವವನ ಹಕ್ಕಿನ ದೃಷ್ಟಿಯಿಂದಲೂ ಪ್ರಜಾಪ್ರಭುತ್ವದ ದೃಷ್ಟಿಯಿಂದಲೂ ಇವು ನ್ಯಾಯವಾದ ಕ್ರಮಗಳೇ. ಆದರೆ ಮಾನ್ಯದ ನೆಲ ಹೊತ್ತಿದ್ದ ಸ್ಮರಣೆಯ ಹೊಣೆಯನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಹೊಸ ವ್ಯವಸ್ಥೆ ಉತ್ತರ ಹುಡುಕಲಿಲ್ಲ. ದಸರಾ ನಾಡಹಬ್ಬವಾಯಿತು, ಕುಸ್ತಿ ಉಪಸಮಿತಿಯ ಕೈಗೆ ಬಂದಿತು. ದೊಡ್ಡಕೆರೆ ಮೈದಾನದಲ್ಲಿ ಸಾಹುಕಾರ್ ಚನ್ನಯ್ಯ ಅವರ ಹೆಸರಿನ ಅಖಾಡವೂ ಡಿ. ದೇವರಾಜ ಅರಸು ಅವರ ಹೆಸರಿನ ವಿವಿಧೋದ್ದೇಶ ಕ್ರೀಡಾಂಗಣವೂ ಇವೆ. ದಸರಾ ಕೇಸರಿ, ದಸರಾ ಕುಮಾರ, ದಸರಾ ಕಿಶೋರ ಎಂಬ ಬಿರುದುಗಳೂ ಬೆಳ್ಳಿಯ ಗದೆಯೂ ಗೆದ್ದವರಿಗೆ ಸಲ್ಲುತ್ತವೆ. ಹೆಸರಿದೆ, ಮರುದಿನದ ಪತ್ರಿಕೆಯಲ್ಲಿ ಬಿಂಬವೂ ಇದೆ. ಆ ನೆನಪನ್ನು ಮುಂದಿನ ವರ್ಷಕ್ಕೆ, ಮುಂದಿನ ತಲೆಮಾರಿಗೆ ಸಾಗಿಸುವ ಏರ್ಪಾಡು ಮಾತ್ರ ಇಲ್ಲ.

ಕ್ರೀಡಾಂಗಣಗಳ ಹೆಸರುಗಳನ್ನೇ ನೋಡಿದರೂ ಈ ಮಾತು ಮನದಟ್ಟಾಗುತ್ತದೆ. ಬೆಂಗಳೂರಿನ ಕ್ರಿಕೆಟ್ ಕ್ರೀಡಾಂಗಣ ಆಡಳಿತಗಾರರಾಗಿದ್ದ ಎಂ. ಚಿನ್ನಸ್ವಾಮಿ ಅವರ ಹೆಸರನ್ನೂ, ಹಾಕಿ ಕ್ರೀಡಾಂಗಣ ಸೇನಾನಿ ಕೆ.ಎಂ. ಕಾರ್ಯಪ್ಪ ಅವರ ಹೆಸರನ್ನೂ ಹೊತ್ತಿವೆ. ಅವರೆಲ್ಲರೂ ಗೌರವಕ್ಕೆ ಅರ್ಹರೇ. ಆದರೆ ಮೈದಾನದಲ್ಲಿ ಬೆವರು ಹರಿಸಿದವರ, ಅವರನ್ನು ತಿದ್ದಿದವರ ಹೆಸರನ್ನು ಮೈದಾನಕ್ಕೆ ಇಡುವುದು ನಮ್ಮ ನಗರಗಳಲ್ಲಿ ಅಪರೂಪ. ಪ್ರಕಾಶ್ ಪಡುಕೋಣೆ ಮತ್ತು ರಾಹುಲ್ ದ್ರಾವಿಡ್ ಅವರ ಹೆಸರು ಹೊತ್ತ ಬೆಂಗಳೂರಿನ ತರಬೇತಿ ಕೇಂದ್ರವು ಅಂತಹ ಅಪರೂಪಗಳಲ್ಲಿ ಒಂದು.

ತಡವಾಗಿ ಬಂದ ಗೌರವಕ್ಕೆ ನೆರೆಯ ನಾಡಿನ ನಿದರ್ಶನವೊಂದನ್ನು ನೆನೆಯಬಹುದು. ಕೊಲ್ಹಾಪುರದಲ್ಲಿ ಪಳಗಿದ ಪೈಲ್ವಾನ್ ಕೆ.ಡಿ. ಜಾಧವ್ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ತಂದುಕೊಟ್ಟರು. ಅವರ ಪ್ರಯಾಣದ ವೆಚ್ಚಕ್ಕೆ ಊರವರು ಹಣ ಕೂಡಿಸಿದರು. ಅವರ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟರು. ಜಾಧವ್ 1984ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರ ಮರಣಾನಂತರ, 2000ದ ಸಾಲಿನಲ್ಲಿ. ಮನೆ ಅಡವಿಟ್ಟು ಕಳಿಸಿದ ಗುರುವೂ ಚಂದಾ ಎತ್ತಿದ ಊರೂ ಸಕಾಲದಲ್ಲಿ ಮಾಡಿದ್ದನ್ನು ಸರ್ಕಾರ ಅರ್ಧ ಶತಮಾನದ ನಂತರ ಮಾಡಿತು. ಪ್ರಶಸ್ತಿಯ ಹಾಳೆಯಲ್ಲಿ ಜಾಧವ್ ಅವರ ಹೆಸರಿದೆ, ಆ ಊರಿನ ಹೆಸರಿಲ್ಲ.

ಮುಂದಿನ ದಾರಿ

ಮೈಸೂರಿನಂತಹ ನಗರ ತನ್ನ ಕ್ರೀಡಾಪಟುಗಳಿಗಾಗಿ ಕೀರ್ತಿಮಂದಿರವೊಂದನ್ನು ಕಟ್ಟುವುದಾದರೆ, ಗರಡಿಯಿಂದ ಕಲಿಯಬೇಕಾದ ಪಾಠಗಳೂ ಗರಡಿಯನ್ನು ಮೀರಬೇಕಾದ ಸಂಗತಿಗಳೂ ಉಂಟು. ಜಾವಗಲ್ ಶ್ರೀನಾಥ್ ಅವರ ಊರು ಇದು. 2017ರಲ್ಲಿ ಕರ್ನಾಟಕದ ಮೊದಲ ಚೆಸ್ ಗ್ರ್ಯಾಂಡ್‌ಮಾಸ್ಟರ್ ಆದ ಎಂ.ಎಸ್. ತೇಜ್‌ಕುಮಾರ್ ಅವರ ಊರೂ ಇದೇ. ಇಂತಹವರ ಹೆಸರು ಮರೆತುಹೋಗುವ ಭಯವಿಲ್ಲ. ಭಯವಿರುವುದು ದಸರಾ ಕಣದಲ್ಲಿ ಒಂದೆರಡು ವರ್ಷ ಮಿಂಚಿ ಮರೆಯಾದವರ, ಒಂದೂ ಪದಕವಿಲ್ಲದೆ ನೂರಾರು ಶಿಷ್ಯರನ್ನು ತಯಾರು ಮಾಡಿದ ಉಸ್ತಾದರ ವಿಷಯದಲ್ಲಿ. ಆದ್ದರಿಂದ ಅಲ್ಲಿ ಶಿಷ್ಯನ ಹೆಸರಿನೊಡನೆ ಗುರುವಿನ ಹೆಸರೂ ಗರಡಿಯ ಹೆಸರೂ ಇರಬೇಕು. ಭಿತ್ತಿಪತ್ರಗಳು ಹಿಂದಿನಿಂದಲೂ ಪಾಲಿಸಿಕೊಂಡು ಬಂದ ನಿಯಮವೇ ಇದು.

ಮೀರಬೇಕಾದದ್ದರಲ್ಲಿ ಮೊದಲನೆಯದು ಮಹಿಳೆಯರ ಪ್ರಶ್ನೆ. ಸಾಂಪ್ರದಾಯಿಕ ಗರಡಿಯ ಮಟ್ಟಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಇಂದು ದಸರಾ ಕಣದಲ್ಲಿ ದಸರಾ ಕಿಶೋರಿ ಎಂಬ ಬಿರುದಿಗಾಗಿ ಅವರು ಸೆಣಸುತ್ತಾರೆ. ಹಳಿಯಾಳದಂತಹ ಕಡೆ ಕ್ರೀಡಾ ವಸತಿನಿಲಯಗಳು ಅವರಿಗೆ ದಾರಿ ತೆರೆದಿವೆ. ಗರಡಿಯ ಗೋಡೆಗಳಲ್ಲಿ ಇಲ್ಲದ ಅವರ ಬಿಂಬಗಳಿಗೆ ಕೀರ್ತಿಮಂದಿರದ ಗೋಡೆಯಲ್ಲಿ ಸ್ಥಾನ ದೊರೆಯಬೇಕು. ಎರಡನೆಯದು ದಾಖಲೀಕರಣ. ಗರಡಿಗಳ ಛಾಯಾಚಿತ್ರಗಳು ಮಾಸುತ್ತಿವೆ. ಅವುಗಳಲ್ಲಿರುವವರನ್ನು ಹೆಸರು ಹಿಡಿದು ಗುರುತಿಸಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೆಸರು ಕಳೆದುಕೊಂಡ ಬಿಂಬವನ್ನು ಯಾವ ವಸ್ತುಸಂಗ್ರಹಾಲಯವೂ ಮರಳಿ ಮಾತನಾಡಿಸಲಾರದು. ಕಟ್ಟಡಕ್ಕಿಂತ ಮೊದಲು ಆಗಬೇಕಾದದ್ದು ಈ ಕೆಲಸ.

ಮೂರನೆಯದೂ ಮುಖ್ಯವಾದದ್ದೂ ಮಾನ್ಯದ ಪ್ರಶ್ನೆ. ಭೂಮಿ ಬಿಡುವ ಕಾಲ ಮುಗಿದಿದೆ. ಅದರ ಸ್ಥಾನದಲ್ಲಿ ವೃದ್ಧ ಉಸ್ತಾದರಿಗೆ ಮಾಸಾಶನ, ಗರಡಿಗಳ ಮಟ್ಟಿ ಮತ್ತು ಚಾವಣಿಯ ದುರಸ್ತಿಗೆ ನಿಶ್ಚಿತ ನಿಧಿ, ಮಂದಿರದಲ್ಲಿ ಹೆಸರು ಸೇರಿದ ಪ್ರತಿಯೊಬ್ಬರ ಲೆಕ್ಕದಲ್ಲಿ ಒಬ್ಬ ಎಳೆಯ ಕ್ರೀಡಾಪಟುವಿನ ಆಹಾರವೆಚ್ಚ, ಇವು ಇಂದಿನ ಮಾನ್ಯಗಳಾಗಬಲ್ಲವು. ಹಾಗಾದಾಗ ಹಿರಿಯನ ಹೆಸರು ಫಲಕದಲ್ಲಿ ಮಾತ್ರ ಉಳಿಯದೆ ಕಿರಿಯನ ಅನ್ನದಲ್ಲಿಯೂ ಉಳಿಯುತ್ತದೆ.

ಆತಕೂರಿನ ಶಾಸನ ಬರೆಸಿದವರು ನಾಯಿಯೊಂದರ ಶೌರ್ಯಕ್ಕೆ ಕಲ್ಲು ನಿಲ್ಲಿಸಿದಾಗ, ಆ ಕಲ್ಲನ್ನು ನೋಡಿಕೊಳ್ಳುವವನ ಊಟದ ಬಗೆಗೂ ಯೋಚಿಸಿದರು. ಸಾವಿರ ವರ್ಷಗಳ ಹಿಂದಿನ ಈ ವಿವೇಕವನ್ನು ಮೈಸೂರು ತನ್ನ ಉಸ್ತಾದರ ವಿಷಯದಲ್ಲಿ ತೋರುವುದಾದರೆ, ಅದು ಕಟ್ಟುವ ಕೀರ್ತಿಮಂದಿರ ಹೊರಗಿನದರ ಅನುಕರಣೆಯಾಗದೆ ಈ ನೆಲದ ಪರಂಪರೆಯ ಮುಂದುವರಿಕೆಯಾಗುತ್ತದೆ.